ಅಂಜಮ್ಮನ ಕರುಳು ಜೋಡಿಸಿದ್ದು

ಚಾಮರಾಜಪೇಟೆಯ ಟ್ರಸ್ಟ್ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಅಂಜಮ್ಮ ಮೂವತ್ತೊಂದು ವರ್ಷ ನರ್ಸ್ ಆಗಿದ್ದರು. ನಿವೃತ್ತರಾದ ಒಂಬತ್ತು ವರ್ಷಕ್ಕೆ ಅಲ್ಲಿಗೇ ರೋಗಿಯಾಗಿ ಬಂದರು. ದೊಡ್ಡ ಕರುಳಿನ ತೀರಾ ಕೆಳಭಾಗದಲ್ಲಿ ಗೆಡ್ಡೆ. ಆಪರೇಷನ್ ಮಾಡಬೇಕಾದ ಡಾಕ್ಟರ್ ವಾಣಿ ಕಲಿಯುವ ದಿನಗಳಲ್ಲಿ ಅಂಜಮ್ಮನಿಂದ ಬೈಸಿಕೊಂಡವರೇ.

"ಗೆಡ್ಡೆ ತೆಗೆದು ಎರಡು ತುದಿ ಜೋಡಿಸ್ಬೇಕು, ಸಿಸ್ಟರ್," ಎಂದರು ವಾಣಿ. "ಕರುಳಿಗೆ ಪಿನ್ ಹೊಡೆದು ಜೋಡಿಸೋ ಸ್ಟೇಪ್ಲರಲ್ಲಿ ಎರಡು ಥರ ಇದೆ. ಹಳೇದು ಕೈಯಲ್ಲಿ ಅದುಮೋದು. ಹೊಸದು ಬ್ಯಾಟರೀದು, ಇಪ್ಪತ್ತೆರಡು ಸಾವಿರ ಜಾಸ್ತಿ."

"ಹೊಸದೇ ಹಾಕಿ ಮೇಡಂ," ಎಂದ ಮಗ ರವಿಕುಮಾರ್.

"ತಾಳಪ್ಪ," ಎಂದರು ಅಂಜಮ್ಮ. "ದಾರದಲ್ಲಿ ಹೊಲಿಯೋಕಾಗಲ್ವಾ ಡಾಕ್ಟ್ರೇ?"

"ಮೇಲಿನ ಕರುಳಾಗಿದ್ರೆ ಹೊಲೀತಿದ್ದೆ. ಖರ್ಚೂ ಕಮ್ಮಿ. ಇಷ್ಟು ಕೆಳಗೆ ನನ್ನ ಕೈ ಆಡಲ್ಲ. ಮಾಯಣ್ಣ ಸರ್ ಕೈಯೇ ಬೇರೆ."

ತೀರಿಹೋದ ಹಳೆಯ ಸರ್ಜನ್ ಡಾಕ್ಟರ್ ಮಾಯಣ್ಣನ ಹೆಸರು ಕೇಳುತ್ತಲೇ ಅಂಜಮ್ಮನಿಗೆ ಹಳೆಯ ಥಿಯೇಟರ್ ಕಣ್ಣಿಗೆ ಕಟ್ಟಿತು. ಎತ್ತರದ ಕಿಟಕಿ, ಕುದಿಸಿದ ಉಪಕರಣಗಳ ಹಬೆ, ಕಪ್ಪು ರೇಷ್ಮೆ ದಾರ. ಮಾಯಣ್ಣ ಹೊಲಿಯುವಾಗ ಮಾತಾಡುತ್ತಿರಲಿಲ್ಲ. ಅಂಗೈ ಚಾಚಿದರೆ ಯಾವ ಸೂಜಿ ಬೇಕೆಂದು ಅಂಜಮ್ಮನಿಗೆ ಗೊತ್ತಾಗುತ್ತಿತ್ತು. ಆಪರೇಷನ್ನಿನ ಆ ಒಂದೆರಡು ಗಂಟೆಗಳಲ್ಲಿ ಇದ್ದಷ್ಟು ಬೇಕಾದವಳಾಗಿ ತಾನು ಮತ್ತೆಲ್ಲೂ ಇರಲಿಲ್ಲ ಎನಿಸಿತು.

ಆದರೆ ಬೈರಮ್ಮನೂ ನೆನಪಾದಳು. ಮಾರ್ಕೆಟ್ಟಿನಲ್ಲಿ ಹೂ ಮಾರುತ್ತಿದ್ದವಳು. ಮಾಯಣ್ಣನ ಅಂಥ ಕೈಯಲ್ಲಿ ಹೊಲಿದ ಅವಳ ಕರುಳೂ ಐದನೇ ದಿನ ಸೋರಿತು. ಮತ್ತೆ ಹೊಟ್ಟೆ ಕೊಯ್ದರು. ನಲವತ್ತಮೂರು ದಿನ ಮಲಗಿ ಎದ್ದು ಹೋಗುವಷ್ಟರಲ್ಲಿ ಅವಳು ಕೂರುತ್ತಿದ್ದ ಜಾಗ ಬೇರೆಯವರದಾಗಿತ್ತು. ದಾರಕ್ಕೆ ಕೊಟ್ಟದ್ದು ಕೆಲವೇ ರೂಪಾಯಿ, ಸೋರಿದ್ದಕ್ಕೆ ಕಳೆದುಕೊಂಡದ್ದು ಹೊಟ್ಟೆಪಾಡು.

"ಇಲ್ಲಿ ಎಷ್ಟು ಜನಕ್ಕೆ ಸೋರಿದೆ?" ಅಂಜಮ್ಮ ಕೇಳಿದರು.

ವಾಣಿ ಮುಚ್ಚಿಡಲಿಲ್ಲ. "ಹಳೇದರಲ್ಲಿ ನಲವತ್ತರಲ್ಲಿ ಐದು. ಹೊಸದರಲ್ಲಿ ಮೂವತ್ತೆಂಟರಲ್ಲಿ ಎರಡು. ಸಣ್ಣ ಲೆಕ್ಕ, ಖಾತ್ರಿ ಹೇಳೋಕಾಗಲ್ಲ. ಆದ್ರೆ ಒಂದ್ಸಲ ಸೋರಿದ್ರೆ ಎರಡು ಲಕ್ಷ ದಾಟತ್ತೆ. ನೋವು ಬೇರೆ."

ಅಂಜಮ್ಮ ಮಗನ ಕಡೆ ತಿರುಗಿದರು. "ಬ್ಯಾಟರೀದೇ ಇರ್ಲಿ," ಎಂದರು.

ಆಪರೇಷನ್ ಆಯಿತು. ನಾಲ್ಕು ದಿನ ಅಂಜಮ್ಮ ಧೈರ್ಯವಾಗಿಯೇ ಇದ್ದರು. ಐದನೇ ದಿನ ಬೆಳಿಗ್ಗೆಯಿಂದ ಸಂಜೆವರೆಗೆ ತಮ್ಮ ನಾಡಿ ತಾವೇ ಹಿಡಿದು ನೋಡಿಕೊಂಡರು. ಜ್ವರ ಬರಲಿಲ್ಲ. ಆರನೇ ದಿನ ಗಂಜಿ ಕುಡಿದರು, ಹೊಟ್ಟೆ ಉಬ್ಬರಿಸಲಿಲ್ಲ.

"ಆ ಮೆಷಿನ್ನೇ ಅಮ್ಮನ್ನ ಉಳಿಸ್ತು ಅಲ್ವಾ ಮೇಡಂ?" ಎಂದ ರವಿಕುಮಾರ್.

"ಒಬ್ಬರನ್ನ ನೋಡಿ ಹಾಗೆ ಹೇಳ್ಬಾರ್ದು. ಹಳೇದರಲ್ಲೂ ಚೆನ್ನಾಗಿರ್ತಿದ್ರೋ ಏನೋ," ಎಂದರು ವಾಣಿ.

ಅಂಜಮ್ಮನಿಗೆ ಆ ಮಾತು ಹಿಡಿಸಿತು. "ಮಾಯಣ್ಣ ಸರ್ ಇದ್ದಿದ್ರೆ ಈ ಮೆಷಿನ್ ನೋಡಿ ಏನಂತಿದ್ರೋ," ಎಂದರು.

"ಬಿಚ್ಚಿ ತೋರ್ಸು ಅಂತಿದ್ರು," ಎಂದರು ವಾಣಿ. ಹೊಟ್ಟೆಯ ಮೇಲಿನ ಹೊಲಿಗೆ ಎಳೆಯುತ್ತಿದ್ದರೂ ಅಂಜಮ್ಮ ನಕ್ಕುಬಿಟ್ಟರು.

ಎಂಟನೇ ದಿನ ರವಿಕುಮಾರ್ ಆಟೋ ತಂದ. ಅಂಜಮ್ಮ ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲಿಳಿದು, ಶ್ರೀರಾಂಪುರದ ಮನೆಗೆ ಹೊರಟರು.