ಮನೆ ಎಲ್ಲಿ ಎಂದು ಕೇಳಿದರೆ

ನಮ್ಮ ಬಡಾವಣೆಗೆ ರೈಲು ಬರುವುದಿಲ್ಲ. ಸಿಟಿ ರೈಲು ದೊಡ್ಡ ಮೋರಿಯ ಆಚೆ, ಕೊನೇ ಸ್ಟೇಷನ್ನಿನಲ್ಲೇ ನಿಂತುಬಿಡುತ್ತದೆ. ಅಲ್ಲಿಂದ ಈಚೆಗೆ ಬಸ್ಸು ಸಿಕ್ಕರೆ ಪುಣ್ಯ, ಇಲ್ಲದಿದ್ದರೆ ಕಾಲೇ ಗತಿ. ನಾನು ಆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವವಳು. ಪಕ್ಕದ ಮನೆಯ ಟೈಲರಕ್ಕ ಷರ್ಟ್ ಫ್ಯಾಕ್ಟರಿಯಲ್ಲಿ ಕಾಲರ್ ಹೊಲಿಯುತ್ತಾಳೆ. ಅವಳು ಹೊರಡುವಾಗ ಮಗಳು ಎದ್ದಿರುವುದಿಲ್ಲ, ಬರುವಾಗ ಮಲಗಿಬಿಟ್ಟಿರುತ್ತಾಳೆ. ಕೂಸನ್ನು ನೋಡಿಕೊಳ್ಳುವವರು ಅಕ್ಕನ ಅತ್ತೆ. ಓಣಿಗೆಲ್ಲ ಅವರು ಅಜ್ಜಿ.

ಒಂದು ಭಾನುವಾರ ಕೂಸು "ಅಮ್ಮಾ" ಎನ್ನುತ್ತಾ ತಟ್ಟಾಡಿಕೊಂಡು ಓಡಿಬಂತು. ಅಕ್ಕ ಎರಡೂ ಕೈ ಚಾಚಿದಳು. ಕೂಸು ಅವಳನ್ನು ದಾಟಿ ಹೋಗಿ ಅಜ್ಜಿಯ ಸೆರಗು ಹಿಡಿಯಿತು. ಆಮೇಲೆ ತಿರುಗಿ, ಹೆತ್ತವಳನ್ನು ನೋಡಿ "ಅಕ್ಕ" ಎಂದಿತು. ನಾನು ಕರೆಯುವುದನ್ನೇ ಕಲಿತಿತ್ತು, ಹಾಳಾದ ನನ್ನ ಬಾಯಿ! ಎಲ್ಲರೂ ನಕ್ಕೆವು. ಅಕ್ಕನೂ ನಕ್ಕಳು, ಆಮೇಲೆ ಎದ್ದು ಒಳಗೆ ಹೋದಳು.

"ಅಜ್ಜಿ, ಮುಂದಿನ ಭಾನುವಾರ ಶಾಲೇಲಿ ರೈಲಿನವರ ಸಭೆ ಇದೆ. ಲೈನು ಇಲ್ಲೀವರೆಗೂ ಬೇಕಾ ಬೇಡ್ವಾ ಅಂತ ಜನರನ್ನ ಕೇಳ್ತಾರೆ. ಬನ್ನಿ" ಎಂದೆ.

"ಹೋಗೇ, ನಮ್ಮಂಥೋರ ಮಾತು ಯಾರ ಕಿವಿಗೆ ಬೀಳುತ್ತೆ? ತರೋದಾದ್ರೆ ಅವರೇ ತರ್ತಾರೆ."

"ಅಳದಿದ್ರೆ ಹೆತ್ತ ತಾಯಿನೂ ಹಾಲು ಕೊಡಲ್ಲ, ಅಜ್ಜಿ. ಈ ಕಡೆಯಿಂದ ರೈಲಿಗೆ ಜನಾನೇ ಬರಲ್ಲ ಅಂತ ಅವರು ತಿಳ್ಕೊಂಡಿದಾರೆ. ಮೊನ್ನೆ ಸ್ಟೇಷನ್ನಲ್ಲಿ ನಿಂತು, ನಿಮ್ಮ ಮನೆ ಎಲ್ಲಿ ಅಂತ ಎಲ್ಲರನ್ನೂ ಕೇಳಿದ್ರು."

ಒಳಗಿನಿಂದ ಅಕ್ಕನ ದನಿ ಬಂತು. "ನನ್ನನ್ನೂ ಕೇಳಿದ್ರು. ಸ್ಟೇಷನ್ ಪಕ್ಕದಲ್ಲೇ ಅಂದೆ."

ನಮ್ಮವರೆಲ್ಲ ಹೇಳುವುದು ಅದನ್ನೇ. ಮನೆ ಇಷ್ಟು ದೂರ ಎಂದರೆ ದಿನಾ ತಡವಾಗುತ್ತದೆಂದು ಯಾರೂ ಕೆಲಸ ಕೊಡುವುದಿಲ್ಲ. ಹೇಳಿ ಹೇಳಿ ಸುಳ್ಳೇ ರೂಢಿಯಾಗಿದೆ. ಸೊಸೆಗೆ ಅದನ್ನು ಕಲಿಸಿದವರೂ ಅಜ್ಜಿಯೇ.

"ಅಯ್ಯೋ ಶಿವನೇ! ನಮ್ಮ ಕಾಲ ಮೇಲೆ ನಾವೇ ಕಲ್ಲು ಎತ್ತಿ ಹಾಕ್ಕೊಂಡ್ವಾ?"

"ಹೂಂ ಅಜ್ಜಿ. ಸಭೇಲಿ ನಿಜ ಹೇಳಿದ್ರೆ ಇನ್ನೂ ಸರಿ ಮಾಡಬಹುದು."

ಅಕ್ಕ ಬಾಗಿಲಿಗೆ ಬಂದಳು. "ನಾನಂತೂ ಬರಲ್ಲ. ಫ್ಯಾಕ್ಟರಿಗೆ ಗೊತ್ತಾದ್ರೆ ಕೆಲಸಕ್ಕೆ ಕುತ್ತು."

ಅಜ್ಜಿ ಕೂಸಿನ ಮೂಗು ಒರೆಸಿದರು. "ನೀನು ಬಾಯಿ ಬಿಡಬೇಡ, ನಾನು ಹೇಳ್ತೀನಿ. ನನ್ನನ್ನ ಯಾವ ಕೆಲಸದಿಂದ ತೆಗೀತಾರೆ? ಈ ತುಂಟಿಯ ಚಾಕರಿಯಿಂದ ತೆಗೆದ್ರೆ ಬದುಕಿದೆ ಅಂತೀನಿ!"

ಸಭೆಯ ದಿನ ಮಕ್ಕಳ ಪುಟ್ಟ ಬೆಂಚುಗಳಲ್ಲಿ ಹೇಗೋ ತೂರಿಕೊಂಡು ಕೂತೆವು. ಅಕ್ಕನೂ ಬಂದಿದ್ದಳು, ಮೂಲೆಯಲ್ಲಿ ತಲೆ ತಗ್ಗಿಸಿಕೊಂಡು. "ಈ ಕಡೆಯಿಂದ ಪ್ರಯಾಣಿಕರು ಕಡಿಮೆ" ಎಂದರು ಅಧಿಕಾರಿ. ಅಜ್ಜಿ ಸೊಂಟದ ಮೇಲೆ ಕೂಸನ್ನು ಏರಿಸಿಕೊಂಡು ಎದ್ದು ನಿಂತರು.

"ಸ್ವಾಮಿ, ಸ್ಟೇಷನ್ ಪಕ್ಕ ಮನೆ ಅಂದೋರೆಲ್ಲ ಇಲ್ಲೇ ಇರೋದು. ಕೆಲಸ ಹೋಗುತ್ತೆ ಅಂತ ಹೆದರಿ ಹಾಗಂದ್ರು. ಹೇಳಿಕೊಟ್ಟೋಳು ನಾನೇ. ಈ ಕೂಸು ನನ್ನನ್ನ ಅಮ್ಮ ಅನ್ನುತ್ತೆ, ಹೆತ್ತೋಳನ್ನ ಅಕ್ಕ ಅನ್ನುತ್ತೆ. ನಾನು ಅಮ್ಮ ಅನ್ನಿಸ್ಕೊಂಡಿದ್ದು ಸಾಕು, ಇನ್ನು ಅಜ್ಜಿ ಅನ್ನಿಸ್ಕೋಬೇಕು. ಕೂಸು ಎಚ್ಚರ ಇರೋ ಹೊತ್ತಿಗೆ ಇದರ ಅಮ್ಮನ್ನ ಮನೆ ಸೇರಿಸಿ."

ಹಿಂದಿನಿಂದ ಆಸ್ಪತ್ರೆ ಆಯಾ ಕೈ ಎತ್ತಿದರು. "ನನ್ನ ಮನೇನೂ ಇಲ್ಲೇ, ಸಾರ್." ಹೋಟೆಲ್ ಮಾಣಿ ಎತ್ತಿದ. ಪೇಂಟರಣ್ಣ ಎತ್ತಿದ. ಮೂಲೆಯಲ್ಲಿ ಒಂದು ಕೈ ಮೇಲೆ ಬಂತು. "ನಂದೂ" ಎಂದಳು ಟೈಲರಕ್ಕ. ನನಗೆ ಕಣ್ಣು ತುಂಬಿ ಬಂತು.

ಮನೆಮನೆಗೆ ಬಂದು ಇನ್ನೊಮ್ಮೆ ಕೇಳುತ್ತೇವೆ ಎಂದು ಅಧಿಕಾರಿ ಸಭೆಯಲ್ಲೇ ಹೇಳಿದರು. ಅದರಂತೆ ಅವರ ಜನ ಬಂದು ಕೇಳಿ ಹೋದರು. ಈ ಸಲ ಎಲ್ಲರೂ ನಿಜವನ್ನೇ ಹೇಳಿದೆವು. ಫ್ಯಾಕ್ಟರಿಯವರು ಅಕ್ಕನಿಗೆ ಏನೂ ಅನ್ನಲಿಲ್ಲ. ಅವಳಷ್ಟು ನೀಟಾಗಿ ಕಾಲರ್ ಹೊಲಿಯುವವರು ಇನ್ಯಾರು ಸಿಗುತ್ತಾರೆ? ಲೈನಿನ ತೀರ್ಮಾನ ಇನ್ನೂ ಆಗಿಲ್ಲ. ಆದರೆ ಇಲ್ಲಿ ಜನರೇ ಇಲ್ಲ ಎಂದು ಇನ್ನು ಯಾರೂ ಅನ್ನುವ ಹಾಗಿಲ್ಲ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಕಡೆಗೂ ರೈಲು ಬೇಕಲ್ಲವೇ? ಹಾಗಾದರೆ ಸಭೆ ಕರೆದ ದಿನ ಹೋಗಿ. ಬಾಯಿ ಬಿಡಲು ಹೆದರುವವರಿದ್ದರೆ ಅವರ ಪರವಾಗಿ ನೀವು ಎದ್ದು ನಿಲ್ಲಿ. ಮನೆ ಎಲ್ಲಿ ಎಂದು ಕೇಳಿದರೆ ಮನೆ ಇರುವ ಜಾಗವನ್ನೇ ಹೇಳಿ.

ನಮ್ಮ ಕೂಸು ಹೆತ್ತವಳನ್ನು ಇನ್ನೂ "ಅಕ್ಕ" ಎಂದೇ ಕರೆಯುತ್ತಿದೆ. ರೈಲು ಬೇಗ ಬರಬೇಕು.