ಕಸ್ತೂರಿಯ ಕಣ್ಣಿಗೆ ಹಿಡಿದ ಬೆಳಕು

ನಾನೊಂದು ರೆಟಿನೋಸ್ಕೋಪ್. ಹೆಸರು ಕೇಳಿ ಹೆದರಬೇಡಿ, ನೋಡಲು ಸಣ್ಣ ಟಾರ್ಚಿನಂತಿದ್ದೇನೆ. ಅಂಬಾಲಾದ ಒಂದು ಕಾರ್ಖಾನೆಯಲ್ಲಿ ನನ್ನ ಮೈ ಕಡೆದು, ಕಪ್ಪು ಬಣ್ಣ ಬಳಿದು, ತಲೆಯೊಳಗೆ ಓರೆಯಾಗಿ ಪುಟ್ಟ ಕನ್ನಡಿ ಕೂರಿಸಿದರು. ಅದರ ನಡುವೆ ಸಾಸಿವೆಯಷ್ಟು ತೂತು. ನನ್ನ ಬಲ್ಬಿನ ಬೆಳಕು ಕನ್ನಡಿಗೆ ಬಡಿದು, ಒಂದು ಗೆರೆಯಾಗಿ ಎದುರಿಗೆ ಕೂತವರ ಕಣ್ಣೊಳಗೆ ಹೋಗುತ್ತದೆ. ಹಿಂಬದಿಯ ಪರದೆಯನ್ನು ಮುಟ್ಟಿ ಕಿತ್ತಳೆ ಹೊಳಪಾಗಿ ಹಿಂದಿರುಗುತ್ತದೆ. ನನ್ನನ್ನು ಹಿಡಿದವರು ಆ ತೂತಿಗೆ ಕಣ್ಣಿಟ್ಟು ಅದನ್ನು ನೋಡುತ್ತಾರೆ. ನನ್ನನ್ನು ಅತ್ತಿತ್ತ ಆಡಿಸಿದರೆ ಹೊಳಪೂ ಓಡಾಡುತ್ತದೆ. ಕಣ್ಣ ಮುಂದೆ ಒಂದೊಂದೇ ಮಸೂರ ಹಿಡಿಯುತ್ತ ಹೋದರೆ, ಯಾವುದೋ ಒಂದಕ್ಕೆ ಅದು ಓಡಾಟ ನಿಲ್ಲಿಸಿ ಪಾಪೆಯ ತುಂಬ ಹರಡಿಕೊಳ್ಳುತ್ತದೆ. ಕನ್ನಡಕದ ನಂಬರು ಸಿಕ್ಕಿತು ಎಂದು ಅರ್ಥ. ಎದುರಿಗೆ ಕೂತವರು ಬಾಯಿಯನ್ನೇ ತೆರೆಯಬೇಕಿಲ್ಲ.

ಮೊದಲು ನಾನು ಬಾಗಲಕೋಟೆಯ ಕಣ್ಣಿನ ವೈದ್ಯ ಕಮತಗಿ ಡಾಕ್ಟರ ಕೈಯಲ್ಲಿದ್ದೆ. ಅವರ ಆಸ್ಪತ್ರೆಗೆ ಮಹಾನಂದಾ ಹೂಗಾರ ಎಂಬ ತರುಣಿ ಕಣ್ಣು ಪರೀಕ್ಷಿಸುವ ಕೆಲಸಕ್ಕೆ ಸೇರಿದಾಗ, ಡಾಕ್ಟರು ನನ್ನನ್ನು ಅವರಿಗೆ ಕೊಟ್ಟುಬಿಟ್ಟರು.

"ಮಾತು ಬಾರದ ಕೂಸಿನ ಕಣ್ಣೂ ಇದರಾಗ ತಿಳೀತದವ್ವಾ. ಜ್ವಾಕಿ."

ಮಹಾನಂದಾ ನನ್ನನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೊಂಡು ಊರೂರು ಶಾಲೆಗಳಿಗೆ ಹೋಗುತ್ತಿದ್ದರು. ಹಾಗೆ ಒಮ್ಮೆ ಕಿವುಡ ಮಕ್ಕಳ ವಸತಿ ಶಾಲೆಗೆ ಹೋದೆವು. ಅಂಗಳದಲ್ಲಿ ಮಕ್ಕಳು ಗುಂಪುಗುಂಪಾಗಿ ನಿಂತು ಕೈಯಲ್ಲೇ ಜಗಳವಾಡುತ್ತಿದ್ದರು, ಕೈಯಲ್ಲೇ ನಗೆಚಾಟಿಕೆ ಮಾಡುತ್ತಿದ್ದರು. ಒಬ್ಬಳು ಮಾತ್ರ ಗೋಡೆಗೆ ಒರಗಿ ಕೂತು ತನ್ನ ಲಂಗದ ಅಂಚಿನ ನೂಲನ್ನು ಮೂಗಿಗೆ ಹಿಡಿದು ನೋಡುತ್ತಿದ್ದಳು. ಅವಳೇ ಕಸ್ತೂರಿ, ಗುಳೇದಗುಡ್ಡದ ನೇಕಾರರ ಮನೆಯ ಏಳೆಂಟು ವರ್ಷದ ಹುಡುಗಿ. ಆ ದಿನ ಅವಳ ತಾಯಿ ಶಂಕ್ರವ್ವನೂ ಬಂದಿದ್ದಳು, ಶಾಲೆ ಬಿಡಿಸಿ ಮಗಳನ್ನು ಮನೆಗೆ ಕರೆದೊಯ್ಯಲು.

"ಭಾಳ ಪ್ರಯತ್ನ ಮಾಡಿದ್ವಿರೀ ಮೇಡಂ," ಎಂದರು ಶಾಲೆಯ ಮುಖ್ಯಸ್ಥರಾದ ಇಟಗಿ ಸರ್. ಅವರ ದನಿಯಲ್ಲಿ ನಿಜವಾದ ಬೇಸರವಿತ್ತು. "ಒಂದು ಸನ್ನೀನೂ ಕಲೀಲಿಲ್ಲ. ಏನ್ ತೋರಿಸಿದ್ರೂ ಬರೇ ನಗತಾಳ. ಬುದ್ಧಿ ಬೆಳದಿಲ್ಲ ಅಂತ ಕಾಣ್ತದ."

"ಮನ್ಯಾಗ ಮಗ್ಗಕ್ಕ ನೂಲಿನ ಕಂಡಿಕಿ ಸುತ್ತಕೋತ ಇರ್ತಾಳ ಬಿಡ್ರಿ," ಎಂದಳು ಶಂಕ್ರವ್ವ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ನೂಲು ತುಂಡಾದ್ರ ನನಗಿಂತ ಮೊದಲ ಕೂಡಿಸ್ತಾಳ. ಬುದ್ಧಿ ಇಲ್ಲಂದ್ರ ಅದು ಹ್ಯಾಂಗ ಬರ್ತದೋ, ಆ ದೇವರಿಗೇ ಗೊತ್ತು."

ಮಹಾನಂದಾ ಗೋಡೆಯ ಕಡೆ ಇನ್ನೊಮ್ಮೆ ನೋಡಿದರು. "ಹೋಗೂಕಿಂತ ಮೊದಲ ಒಮ್ಮೆ ಕಣ್ಣು ನೋಡ್ಲೇನ್ರಿ?"

ಹನಿ ಹಾಕಿ ಪಾಪೆ ಹಿಗ್ಗುವವರೆಗೆ ಕಾದರು. ಕಿಟಕಿಗೆ ಕಂಬಳಿ ಕಟ್ಟಿ ಕೋಣೆ ಕತ್ತಲು ಮಾಡಿದ್ದೇ ತಡ, ಹುಡುಗಿ ಕಿರುಚಿಕೊಂಡಳು. ಕಿವಿ ಕೇಳದ ಮಗುವಿಗೆ ಕತ್ತಲೆಂದರೆ ಲೋಕವೇ ಮಾಯವಾದಂತೆ. ಮಹಾನಂದಾ ಬಾಗಿಲನ್ನು ತುಸು ತೆರೆದರು, ಶಂಕ್ರವ್ವನ ಮಡಿಲಲ್ಲಿ ಮಗಳನ್ನು ಕೂರಿಸಿದರು, ನನ್ನನ್ನು ಹುಡುಗಿಯ ಕೈಗೇ ಕೊಟ್ಟರು. ನನ್ನ ಬೆಳಕಿನ ಗೆರೆಯನ್ನು ತನ್ನ ಅಂಗೈ ಮೇಲೆ ಆಡಿಸಿಕೊಂಡು ಅವಳು ಸಮಾಧಾನವಾದಳು.

ಆಮೇಲೆ ನಾನು ಅವಳ ಕಣ್ಣಿಗೆ ಬೆಳಕು ಬಿಟ್ಟೆ. ಹಿಂದಿರುಗಿದ ಹೊಳಪು ಎಷ್ಟು ಮಂಕಾಗಿತ್ತೆಂದರೆ, ನನ್ನ ಬಲ್ಬೇ ಕೆಟ್ಟಿತೇನೋ ಅಂದುಕೊಂಡೆ. ಮಹಾನಂದಾ ದೂರದ ನೋಟಕ್ಕೆ ಹಾಕುವ ದಪ್ಪ ಮೈನಸ್ ಮಸೂರವೊಂದನ್ನು ಹಿಡಿದಾಗ ಹೊಳಪು ಕೊಂಚ ಎಚ್ಚೆತ್ತು, ನಾನು ಹೋದತ್ತ ಬಾರದೆ ಎದುರು ದಿಕ್ಕಿಗೆ ಜರುಗಿತು. ಇನ್ನೂ ದಪ್ಪದ್ದು. ಮತ್ತೂ ದಪ್ಪದ್ದು. ಕೊನೆಗೆ, ಪೆಟ್ಟಿಗೆಯಲ್ಲಿ ಯಾರೂ ಮುಟ್ಟದೆ ಧೂಳು ಹಿಡಿದಿದ್ದ ಮಸೂರಕ್ಕೆ ಹೊಳಪು ನಿಂತಿತು. ಪಾಪೆ ತುಂಬ ಕಿತ್ತಳೆ ಬೆಳಕು!

"ಸರ್, ಈಕಿಗೆ ಅಂಗೈ ಅಗಲಕ್ಕಿಂತ ಆಚೆ ಏನೂ ನಿಚ್ಚಳ ಕಾಣಂಗಿಲ್ಲ," ಎಂದರು ಮಹಾನಂದಾ. "ನಿಮ್ಮ ಕೈ ಈಕಿ ಕಂಡೇ ಇಲ್ಲ."

ಪರೀಕ್ಷೆಯ ಕನ್ನಡಕದ ಚೌಕಟ್ಟಿಗೆ ಆ ಮಸೂರಗಳನ್ನು ಸಿಕ್ಕಿಸಿ ಅವಳ ಮುಖಕ್ಕಿಟ್ಟು, ಕಂಬಳಿ ತೆಗೆದರು. ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಕಸ್ತೂರಿ ಕೋಣೆಯ ಆಚೆ ಮೂಲೆಗೆ ಸರಿದು ನಿಂತ ತಾಯಿಯನ್ನು ನೋಡಿದಳು. ಹತ್ತಿರ ಹೋದಳು, ಹಿಂದೆ ಸರಿದಳು, ಮತ್ತೆ ನೋಡಿದಳು. ದೂರ ನಿಂತರೂ ಅವ್ವನಿಗೆ ಮುಖವಿತ್ತು. ಶಂಕ್ರವ್ವ ಬಾಯಿಗೆ ಸೆರಗು ಒತ್ತಿ ಅತ್ತಳು. ಅವ್ವ ಅಳುವುದನ್ನೂ ಮಗಳು ಅಷ್ಟು ದೂರದಿಂದಲೇ ಕಂಡು ಓಡಿಬಂದು ಅಪ್ಪಿಕೊಂಡಳು.

ನಂತರ ಬಾಗಿಲಿಗೆ ಹೋಗಿ ನಿಂತಳು. ಅಂಗಳದಲ್ಲಿ ಅಷ್ಟೊಂದು ಕೈಗಳು ಹಾರಾಡುತ್ತಿದ್ದವು. ನೋಡಿಯೇ ನೋಡಿದಳು. ಹಸ್ತವನ್ನು ಮೇಲೆತ್ತಿ ಬೆರಳು ಬಿಡಿಸಿದಳು, ಮಡಿಸಿದಳು. ಅರ್ಥವೇನೂ ಇರಲಿಲ್ಲ. ಆದರೆ ಇಟಗಿ ಸರ್ ಅವಳ ಎದುರು ಕುಕ್ಕರುಗಾಲಲ್ಲಿ ಕೂತು, ಶಂಕ್ರವ್ವನತ್ತ ತೋರಿಸಿ, 'ಅವ್ವ' ಎಂಬ ಸನ್ನೆ ಮಾಡಿದರು. ಹುಡುಗಿ ಅದನ್ನು ಹಾಗೆಯೇ ಮಾಡಿ ತೋರಿಸಿದಳು.

ಚೌಕಟ್ಟನ್ನು ವಾಪಸು ತೆಗೆಯಬೇಕಾದಾಗ ಕಸ್ತೂರಿ ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು. ಉಳಿದ ಮಕ್ಕಳಿಗೂ ಅದು ಬೇಕಿತ್ತು. ಮಹಾನಂದಾ ಅವಳ ಕೈ ಬಿಡಿಸಲಿಲ್ಲ. "ಇರಲಿ ಬಿಡ್ರಿ. ಕನ್ನಡಕ ಬರೂತನಾ ಇದನ್ನ ಹಾಕ್ಕೊಳ್ಲಿ," ಎಂದು ಉಳಿದವರ ಕಣ್ಣ ಮುಂದೆ ಮಸೂರಗಳನ್ನು ಕೈಯಲ್ಲೇ ಹಿಡಿದು ನೋಡಿದರು. ಸಂಜೆಯ ಹೊತ್ತಿಗೆ ಅವರ ತೋಳು ಸೋತುಹೋಗಿತ್ತು. ಶಂಕ್ರವ್ವ ಊರಿಗೆ ಒಬ್ಬಳೇ ಹೋದಳು.

ವರ್ಷಗಳು ಉರುಳಿದವು. ಗದ್ದ ಊರಿ ಕೂತರೆ ತಾನಾಗಿ ನಂಬರು ಹೇಳುವ ಯಂತ್ರ ಆಸ್ಪತ್ರೆಗೆ ಬಂತು. ಮಹಾನಂದಾ ನಿವೃತ್ತರಾಗುವಾಗ ನನ್ನನ್ನು ಹುಬ್ಬಳ್ಳಿಯ ತರಬೇತಿ ಕೇಂದ್ರಕ್ಕೆ ಕೊಟ್ಟರು. ಈಗ ನನ್ನ ಬಣ್ಣ ಸುಲಿದಿದೆ, ಗುಂಡಿ ಸಡಿಲವಾಗಿದೆ. ಹೊಸ ವಿದ್ಯಾರ್ಥಿಗಳ ನಡುಗುವ ಕೈಗೆ ಸಿಗುವುದೇ ನನ್ನ ಮುಪ್ಪಿನ ಉದ್ಯೋಗ. ಅದೂ ಸುಖವೇ.

ಕಳೆದ ಚಳಿಗಾಲದಲ್ಲಿ ಆಯಿಶಾ ಎಂಬ ವಿದ್ಯಾರ್ಥಿನಿ ನನ್ನನ್ನು ಅದೇ ಶಾಲೆಗೆ ಕರೆದೊಯ್ದಳು. ದಪ್ಪ ಕನ್ನಡಕದ ಶಿಕ್ಷಕಿಯೊಬ್ಬಳು ಚಿಕ್ಕ ಮಕ್ಕಳನ್ನು ಸಾಲಾಗಿ ಕೂರಿಸುತ್ತಿದ್ದಳು. ಕಸ್ತೂರಿ! ನನ್ನನ್ನು ಕಂಡವಳೇ ತೋರುಬೆರಳನ್ನು ನೆಟ್ಟಗೆ ಮಾಡಿ, ಕಣ್ಣ ಮುಂದೆ ಮೆಲ್ಲಗೆ ಅತ್ತಿಂದಿತ್ತ ಆಡಿಸಿದಳು. ಮಕ್ಕಳೆಲ್ಲ ಹಾಗೆಯೇ ಮಾಡಿ ನಕ್ಕರು.

"ಏನಂತಾರ್ರೀ ಇವ್ರು?" ಎಂದು ಆಯಿಶಾ ಪಕ್ಕದಲ್ಲಿದ್ದ ಇನ್ನೊಬ್ಬ ಶಿಕ್ಷಕಿಯನ್ನು ಕೇಳಿದಳು.

"ಅದು ಮಹಾನಂದಾ ಮೇಡಂ ಹೆಸರ್ರೀ. ನಮ್ಮಲ್ಲಿ ಒಬ್ಬೊಬ್ಬರಿಗೂ ಒಂದೊಂದು ಸನ್ನಿ ಹೆಸರು ಇರ್ತದ. ಅವರಿಗೆ ಇದನ್ನ ಇಟ್ಟಾಕಿ ಕಸ್ತೂರಿ ಟೀಚರ್."

ಕಾರ್ಖಾನೆಯವರು ನನ್ನ ಮೈಮೇಲೆ ಕೊರೆದಿದ್ದ ಹೆಸರು ಎಂದೋ ಅಳಿಸಿಹೋಗಿದೆ. ಆದರೆ ಮಾತಿಲ್ಲದ ಅಷ್ಟೂ ಮಕ್ಕಳು ಒಬ್ಬ ಒಳ್ಳೆಯ ಹೆಂಗಸನ್ನು ಕರೆಯುವುದು ನನ್ನ ಬೆಳಕು ನಡೆದಾಡುವ ರೀತಿಯಲ್ಲಿ.