ಕೂತವರ ಮುಂದೆ ನಿಂತ ಟಾವಿಟಾ

೧
ಈ ಕಥೆಯನ್ನು ಸಿಮೆಂಟ್ ಕಾರ್ಖಾನೆಯಿಂದ ಶುರುಮಾಡಲೇ, ಚಾಪೆಯಿಂದಲೇ? ಆಕ್ಲೆಂಡಿನ ಈ ಹಡಗುಕಟ್ಟೆಯಲ್ಲಿ ಕಾರ್ಖಾನೆ ಮುಚ್ಚಿ, ಸಿಮೆಂಟ್ ಇಳಿಯುವುದು ನಿಂತು ವರ್ಷಗಳಾದವು. ಈಗ ಅಪಾರ್ಟ್‌ಮೆಂಟು, ಕಾಫಿ ಅಂಗಡಿ, ಮಕ್ಕಳಿಗೆ ಕಾರಂಜಿ, ನೀರಿನವರೆಗೆ ಅಗಲ ಮೆಟ್ಟಿಲು. ಚೆನ್ನಾಗಿಲ್ಲ ಎಂದರೆ ಸುಳ್ಳಾಗುತ್ತದೆ.

ಚಾಪೆಯೇ ಸರಿ. ಭಾನುವಾರ ಚರ್ಚು ಮುಗಿಸಿ ನಮ್ಮಮ್ಮ ಲುಪೆ, ಗೆಳತಿಯರ ಜೊತೆ ಆ ಮೆಟ್ಟಿಲ ಮೇಲೆ ಚಾಪೆ ಹಾಸಿ, ತೆಂಗಿನ ಹಾಲಲ್ಲಿ ಬೇಯಿಸಿದ ಕೆಸುವಿನೆಲೆಯ ಪೊಟ್ಟಣ ಬಿಚ್ಚಿದಳು. ಅಪ್ಪ ಇಲ್ಲೇ ಮೂಟೆ ಹೊತ್ತವನು. ಆಗಲೂ ಅವಳು ಇಲ್ಲಿಗೇ ಊಟ ತರುತ್ತಿದ್ದಳು. ಈಗ ಹೊರಗಿನ ಊಟ ತರಬಾರದಂತೆ. ಹಾಗೆಂದು ಹೇಳಲು ಬಂದ ಸೆಕ್ಯುರಿಟಿಯವನು ನನ್ನ ತಮ್ಮ ಟಾವಿಟಾ, ಹೊಸದಾಗಿ ಕೆಲಸಕ್ಕೆ ಸೇರಿದವನು.

೨
"ಇಲ್ಲಿ ಊಟ ಮಾಡೋ ಹಾಗಿಲ್ಲ, ಎತ್ಕೊಳ್ಳಿ," ಎಂದ. ನಿಂತುಕೊಂಡೇ.

ಸಮೋವಾದವರಾದ ನಾವು ಕೂತ ಹಿರಿಯರ ಜೊತೆ ನಿಂತು ಮಾತಾಡುವುದಿಲ್ಲ. ಅವರ ಮುಂದೆ ಹಾದು ಹೋಗಬೇಕಾದರೂ ಬೆನ್ನು ಬಗ್ಗಿಸುತ್ತೇವೆ. ಹೆಂಗಸರು ತುತ್ತು ಕೈಯಲ್ಲೇ ಹಿಡಿದು ಅಮ್ಮನ ಮುಖ ನೋಡಿದರು. ಇಂಥ ಮಗನನ್ನು ಬೆಳೆಸಿದವಳು ಎಂದು ಅಲ್ಲೇ ತೀರ್ಮಾನವಾಗಿಬಿಟ್ಟಿತು. ಬರೆಯುವ ನನಗೇ ತಲೆ ತಗ್ಗಿಸುವಂತಾಯಿತು.

೩
ಆ ಕರಡು ಹರಿದುಹಾಕಿದೆ. ಹೊಸದರಲ್ಲಿ ತಮ್ಮನನ್ನು ಅಮ್ಮನ ಪಕ್ಕ ಕೂರಿಸಿದೆ.

"ಅಕ್ಕಾ, ಎಬ್ಸು ನನ್ನ," ಎಂದ, ವಾಕ್ಯದ ನಡುವಿನಿಂದಲೇ. "ಸೂಪರ್‌ವೈಸರ್ ಬಾಲ್ಕನಿಯಿಂದ ನೋಡ್ತಿದಾನೆ. ಕೂತ್ರೆ ನಾಳೆಯಿಂದ ಬರ್ಬೇಡ ಅಂತಾನೆ. ಆಮೇಲೆ ನೀನು ಮನೆ ನಡೆಸ್ತೀಯಾ, ಕಥೆ ಮಾರಿ?"

"ಕಥೆ ಯಾರು ಕೊಳ್ತಾರೆ ಕಣೋ?"

"ಹಂಗಾದ್ರೆ ನಿಂತಿರ್ತೀನಿ, ಬಿಡು."

೪
ಸರಿ, ಇನ್ನೊಂದು. ಸೂಪರ್‌ವೈಸರ್ ಇಳಿದು ಬಂದು, ಅಮ್ಮ ಕೊಟ್ಟ ಒಂದು ತುತ್ತು ತಿಂದು ನಗುತ್ತಾನೆ. (ಅಪಾರ್ಟ್‌ಮೆಂಟಿನ ಜಾಹೀರಾತಿನ ಹಾಗಿತ್ತು. ನಾಚಿಕೆಯಾಗಿ ಅಳಿಸಿದೆ.)

ಅಮ್ಮ ಟಾವಿಟಾನನ್ನು ಬೈದರೆ?

"ನಾಲ್ಕು ಜನರ ಎದುರು ನನ್ನ ಮಗನ್ನ ನಾನ್ಯಾಕೆ ಬೈಲಿ?" ಎಂದಳು ಅಮ್ಮ. "ನೀನು ಸುಮ್ನಿರು ತಾಯಿ, ನಿಂಗೆ ಗೊತ್ತಾಗಲ್ಲ."

೫
ಆಮೇಲೆ ನನ್ನನ್ನು ಕೇಳದೆಯೇ ನೋವಿನ ಮಂಡಿಗೆ ಕೈಯೂರಿ ಎದ್ದಳು. "ಏಳ್ರೇ," ಎಂದಳು ಗೆಳತಿಯರಿಗೆ. ಒಬ್ಬರ ಭುಜ ಇನ್ನೊಬ್ಬರು ಹಿಡಿದು, ಮುದುಕಿಯರೆಲ್ಲ ಎದ್ದು ನಿಂತರು. ಈಗ ಕೂತವರೇ ಇಲ್ಲ. ಹಾಗಾಗಿ ನನ್ನ ತಮ್ಮನದು ತಪ್ಪೂ ಇಲ್ಲ.

"ಈಗ ಹೇಳಪ್ಪಾ," ಎಂದಳು ಅಮ್ಮ.

ಟಾವಿಟಾ ತಲೆ ತಗ್ಗಿಸಿ ಚಾಪೆ ನೋಡಿದ.

೬
ನೀವು ಮುಕ್ತಾಯ ಕೇಳುತ್ತೀರಿ. ಕೆಲಸ ಬಿಟ್ಟ ಎನ್ನಲೇ, ಬಿಡಲಿಲ್ಲ ಎನ್ನಲೇ? ಎರಡನ್ನೂ ಬರೆದು ನೋಡಿದೆ, ಎರಡರಲ್ಲೂ ಅವನು ತಲೆ ಎತ್ತುತ್ತಿಲ್ಲ. ನಾನು ಏನಾದರೊಂದು ನಿರ್ಧರಿಸುವ ತನಕ ಆ ಮುದುಕಿಯರು ಕೂರುವಂತಿಲ್ಲ. ಊಟ ಆರುತ್ತಿದೆ, ಅಮ್ಮನ ಮಂಡಿ ನೋಯುತ್ತಿದೆ. ನಾನೋ, ಇದನ್ನೆಲ್ಲ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ.